ರಿಟೈರ್ ಆದೆ, ಕೆಲವರಿಗೆ ಥ್ಯಾಂಕ್ಸ್ ಹೇಳೋದಿದೆ

ಕಳೆದ ವಾರ ಬ್ಯಾಂಕಿನ ರೀಜನಲ್ ಮ್ಯಾನೇಜರ್ ಆಗಿ ರಿಟೈರ್ ಆದೆ. ಶಾಲು, ಹಾರ, ಭಾಷಣ ಎಲ್ಲ ಆಯಿತು. ಸಾಹೇಬರು ಹಾಗೆ ಮಾಡಿದರು, ಹೀಗೆ ಮಾಡಿದರು ಅಂತ ಒಬ್ಬೊಬ್ಬರೇ ಹೊಗಳುತ್ತಿದ್ದರೆ ನನಗೋ ಮುಜುಗರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೇರೆಯವರು ಮಾಡಿದ್ದು. ಮೈಕ್ ಹಿಡಿದಾಗ ಗಂಟಲು ಕಟ್ಟಿತು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮಲಪ್ರಭಾ ಗ್ರಾಮೀಣ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು ನಾನು. 2005ರಲ್ಲಿ ನಾಲ್ಕು ಗ್ರಾಮೀಣ ಬ್ಯಾಂಕುಗಳು ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್. ಬೋರ್ಡ್ ಎಷ್ಟು ಸಲ ಬದಲಾದರೂ ಹಳ್ಳಿಯವರ ಬಾಯಲ್ಲಿ ಬರೀ ‘ಗ್ರಾಮೀಣ ಬ್ಯಾಂಕ್’. ಕೆಲಸ ಕಲಿಸಿದ ಹಿರಿಯರು, ಸಹೋದ್ಯೋಗಿಗಳು, ಯೂನಿಯನ್ ಗೆಳೆಯರು (ಜಗಳ ಆಡಿದವರೂ ಸೇರಿ), ನನ್ನ ಟ್ರಾನ್ಸ್‌ಫರ್ ಹಿಂದೆ ಶಾಲೆ ಬದಲಿಸುತ್ತಾ ಬೆಳೆದ ಮಕ್ಕಳು, ಎಲ್ಲರಿಗೂ ಥ್ಯಾಂಕ್ಸ್.

ಪತ್ತಾರ ಕಾಕಾ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು. ನಾನು ಮ್ಯಾನೇಜರ್ ಆಗಿದ್ದ ಬ್ರಾಂಚಿನ ಅಪ್ರೈಸರ್ ಅವರು. ಒತ್ತೆಗೆ ಬಂದ ಬಂಗಾರವನ್ನು ಒರೆಗೆ ಹಚ್ಚಿ, ತೂಗಿ, ಬೆಲೆ ಕಟ್ಟುವ ಕೆಲಸ. ಸಂಬಳ ಇಲ್ಲ, ಲೋನ್ ಆದರೆ ಕಮಿಷನ್ ಅಷ್ಟೇ. 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿ ನೋಟು ರದ್ದಾದವಲ್ಲ, ಆಮೇಲೆ ಕೊಡಲು ಕ್ಯಾಶೇ ಇರಲಿಲ್ಲ, ನಮ್ಮಲ್ಲಿ ಗೋಲ್ಡ್ ಲೋನ್ ಹೆಚ್ಚುಕಮ್ಮಿ ನಿಂತೇಹೋಯಿತು. ಆ ಮನುಷ್ಯ ಮನೆಯಲ್ಲಿ ಕೂತಿರಬಹುದಿತ್ತು. ಬಾಗಿಲು ತೆಗೆಯೋ ಮೊದಲೇ ಬಂದು, ಓದು ಬರದ ಅಜ್ಜ ಅಜ್ಜಿಯರಿಗೆ ಫಾರ್ಮ್ ತುಂಬಿಕೊಡುತ್ತಿದ್ದರು. ನೋಟು ಬದಲಿಸುವ ಮಿತಿ ಮೊದಲು 4,000, ಆಮೇಲೆ 4,500, ನಾಲ್ಕೇ ದಿನಕ್ಕೆ 2,000. ನಾವು ಹೇಳಿದರೆ ಜನಕ್ಕೆ ಸಿಟ್ಟು, ಕಾಕಾ ಹೇಳಿದರೆ ಕೇಳುತ್ತಿದ್ದರು. ಊರಿನ ಎಲ್ಲ ಮನೆಗಳ ಬಂಗಾರದ ತೂಕ ಗೊತ್ತಿದ್ದೂ ಯಾರ ಮುಂದೂ ಬಾಯಿ ಬಿಡದ ಮನುಷ್ಯ, ಅದಕ್ಕೆ ಆ ನಂಬಿಕೆ.

ಅದೇ ವಾರ ನನ್ನ ಹೆಂಡತಿ ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತು, ಮತ್ತೆ ಬಿಡಿಸಿ ಹೇಳಲ್ಲ. ಆ ರಾತ್ರಿ ಕ್ಯಾಶ್ ಟ್ಯಾಲಿ ಆಗದೆ ನಾನು ಬ್ರಾಂಚಿನಲ್ಲೇ ಸಿಕ್ಕಿಕೊಂಡಿದ್ದೆ. ತಿಜೋರಿಯ ಒಂದು ಕೀ ನನ್ನ ಹತ್ತಿರ, ಇನ್ನೊಂದು ಕ್ಯಾಷಿಯರ್ ಹತ್ತಿರ, ಇಬ್ಬರೂ ಇಲ್ಲದೆ ಕ್ಯಾಶ್ ಒಳಗಿಟ್ಟು ಬೀಗ ಹಾಕುವ ಹಾಗಿಲ್ಲ. ಕಾಕಾ ಒಂದು ಮಾತೂ ಕೇಳದೆ ಎದ್ದು ಆಸ್ಪತ್ರೆಗೆ ಹೋದರು. ನಾನು ಮುಟ್ಟುವಾಗ ಮಧ್ಯರಾತ್ರಿ ದಾಟಿತ್ತು. ಕಾರಿಡಾರಿನ ನೆಲದ ಮೇಲೆ ಕೂತಿದ್ದರು. ಔಷಧಿ ತಂದುಕೊಟ್ಟಿದ್ದರು, ಕಾಗದಗಳಿಗೆ ಸಹಿ ಹಾಕಿದ್ದರು, ಸಂಬಂಧ ಅಂತ ಇದ್ದ ಕಡೆ ‘ಕಾಕಾ’ ಅಂತ ಬರೆದಿದ್ದರು. ಬೆಳಗಿನ ತನಕ ಏಳಲೇ ಇಲ್ಲ. ಡಾಕ್ಟರ್ ಹೊರಗೆ ಬಂದು ಇನ್ನು ಭಯ ಇಲ್ಲ ಅಂದಾಗ ನಾನು, ಐವತ್ತು ದಾಟಿದವನು, ಗೋಡೆಗೆ ಮುಖ ಮಾಡಿ ಜೋರಾಗಿ ಅತ್ತುಬಿಟ್ಟೆ. ಅದು ನಿಲ್ಲೋ ತನಕ ಸುಮ್ನೆ ಇದ್ದು ಕಾಕಾ ಹೇಳಿದರು: ‘ಸಾಹೇಬ್ರ, ಬ್ಯಾಂಕ್ ತೆಗೀಬೇಕ್ರಿ, ಮಕ ತೊಳ್ಕೋರಿ.’

ಹೆಂಡತಿ ಈಗ ಆರಾಮಾಗಿದ್ದಾಳೆ. ಬೀಳ್ಕೊಡುಗೆಗೆ ಕರೆದರೆ ಕಾಕಾ, ‘ಅಲ್ಲಿ ನಮ್ದೇನೈತ್ರಿ’ ಅಂತ ಬರಲೇ ಇಲ್ಲ. ಅವರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ, ಯಾರಾದರೂ ಇದನ್ನು ಓದಿ ಹೇಳಿ.

ಊರಿಗೆ ಮಾಡಿದ ಸೇವೆ ಅಂತ ಸನ್ಮಾನ ಪತ್ರದಲ್ಲಿ ಬರೆದಿದ್ದಾರಲ್ಲ, ಅದರ ಕಥೆಯೂ ಇಷ್ಟೇ. ಸ್ವಸಹಾಯ ಸಂಘದ ಅಕ್ಕಂದಿರು ಪಡೆದ ಸಾಲ ತಪ್ಪದೆ ತೀರಿಸಿದ್ದಕ್ಕೇ ಮುಂದಿನ ಸಂಘಕ್ಕೆ ನಾನು ಧೈರ್ಯವಾಗಿ ಸಹಿ ಹಾಕಿದ್ದು. 2015ರಲ್ಲಿ ಸುರಕ್ಷಾ ಬಿಮಾ ಅನ್ನೋ ಅಪಘಾತ ವಿಮೆ ಬಂದಾಗ ವರ್ಷಕ್ಕೆ 12 ರೂಪಾಯಿ ಪ್ರೀಮಿಯಂ. ಶಿಬಿರದಲ್ಲಿ ಭಾಷಣ ನನ್ನದು, ಮನೆಮನೆ ತಿರುಗಿ ಫಾರ್ಮ್ ತುಂಬಿಸಿದ್ದು ಬ್ಯಾಂಕ್ ಮಿತ್ರರು, ಅಂದರೆ ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ಕೆಲಸ ಮಾಡುವವರು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಖಾತೆಗೆ ಆ ವಿಮೆಯ 2 ಲಕ್ಷ ಜಮಾ ಆದ ದಿನ, ಅವರು ನನ್ನ ಕಾಲು ಮುಟ್ಟಲು ಬಂದರು. ಆ ಫಾರ್ಮ್ ತುಂಬಿಸಿದ ಹುಡುಗಿ ಅಲ್ಲೇ ಕೌಂಟರ್ ಹತ್ತಿರ ನಿಂತಿದ್ದಳು, ಅವಳನ್ನು ತೋರಿಸಿದೆ.

ಸಂಘದ ಲೆಕ್ಕ ಬರೆಯೋದು ಕಲಿಸಲು ಕರೆದರೆ ಈಗಲೂ ಬರುತ್ತೇನೆ, ಫೋನ್ ನಂಬರ್ ಅದೇ ಇದೆ. ಲೋನ್ ಸ್ಯಾಂಕ್ಷನ್ ಮಾಡಿಸಿಕೊಡಿ ಅಂತ ಮಾತ್ರ ಕೇಳಬೇಡಿ, ಈಗ ಸಹಿ ಹಾಕೋರು ಬೇರೆಯವರು.