ಗೋಪುರ ಕಾಣುತ್ತದೆ, ಕಥೆ ಕಾಣುವುದಿಲ್ಲ: ಶಿವಾಜಿನಗರದ ಶಾಸಕರಿಗೊಂದು ಬಹಿರಂಗ ಪತ್ರ

ಶಿವಾಜಿನಗರ ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರಗಳು.

ಕಳೆದ ನವೇನದ, ಎಂದರೆ ಸೇಂಟ್ ಮೇರಿ ಹಬ್ಬಕ್ಕೆ ಮುನ್ನ ನಡೆಯುವ ಒಂಬತ್ತು ದಿನಗಳ ಪ್ರಾರ್ಥನೆಯ ದಿನಗಳಲ್ಲಿ ನಾನು ಶಿವಾಜಿನಗರ ಬಸ್ ನಿಲ್ದಾಣದ ಬದಿಯಲ್ಲಿ ನಿಂತಿದ್ದೆ. ಕಾವಿ ಸೀರೆ ಉಟ್ಟು ಬರಿಗಾಲಲ್ಲಿ ನಡೆದು ಬಂದಿದ್ದ ಹಿರಿಯ ಹೆಂಗಸೊಬ್ಬರು ಸೇಂಟ್ ಮೇರೀಸ್ ಬೆಸಿಲಿಕಾ ಎಂಬ ಚರ್ಚಿನ ಗೋಪುರದತ್ತ ಕೈ ತೋರಿಸಿ, "ಇದು ಎಷ್ಟು ಕಾಲದ್ದಪ್ಪಾ?" ಎಂದು ಆಟೋ ಚಾಲಕರನ್ನು ಕೇಳಿದರು. "ಬ್ರಿಟಿಷ್‌ನೋರು ಕಟ್ಟಿದ್ದಮ್ಮ, ಇನ್ನೂರು ವರ್ಷ ಆಗಿರ್ಬೇಕು" ಎಂದರು ಅವರು. ಇನ್ನೂರು ವರ್ಷವೆಂಬುದು ಆ ಜಾಗದ ಮಟ್ಟಿಗೆ ಸರಿ, ಈಗಿನ ಕಟ್ಟಡದ ಮಟ್ಟಿಗೆ ಅಲ್ಲ. ಬ್ರಿಟಿಷರೆಂಬುದು ಎರಡರ ಮಟ್ಟಿಗೂ ತಪ್ಪು. ಆ ಚಾಲಕರನ್ನು ದೂರುವಂತಿಲ್ಲ. ಆ ದಾರಿಯಲ್ಲಿ ನಿತ್ಯ ಓಡಾಡುವ ನನ್ನ ಕಣ್ಣಿಗೂ ಈ ಚರಿತ್ರೆಯನ್ನು ಹೇಳುವ ಒಂದು ಸಾಲು ಕನ್ನಡ ಎಲ್ಲಿಯೂ ಬಿದ್ದಿಲ್ಲ. ಈ ಪತ್ರ ಅದರ ಬಗ್ಗೆಯೇ.

ಈ ದೇವಾಲಯದ ಮೂಲ ಒಂದು ಹುಲ್ಲಿನ ಗುಡಿಸಲು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಆಬೆ ದ್ಯುಬ್ವಾ ಎಂಬ ಫ್ರೆಂಚ್ ಗುರುಗಳು 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಲ್ಲಿ ಪುಟ್ಟದೊಂದು ಪ್ರಾರ್ಥನಾಲಯವನ್ನು ಕಟ್ಟಿಕೊಂಡರು. ಈ ಮನುಷ್ಯನ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಈ ನೆಲದವರಂತೆಯೇ ಉಟ್ಟು, ಇಲ್ಲಿಯ ಊಟ ಉಂಡು, ಊರೂರು ತಿರುಗಿ ಜನರಿಗೆ ದೇವಿ ಹಾಕಿಸುವ, ಎಂದರೆ ಸಿಡುಬಿನ ಲಸಿಕೆ ಕೊಡಿಸುವ ಕೆಲಸಕ್ಕೆ ನಿಂತ ಇವರನ್ನು ಹಾಸನ ಸೀಮೆಯ ಸಾತಳ್ಳಿಯ ಜನ ಕರೆದದ್ದು 'ದೊಡ್ಡ ಸ್ವಾಮಿಯವರು' ಎಂದು. ನಮ್ಮ ಆಚಾರ ವಿಚಾರಗಳನ್ನು ಕುರಿತು ಇವರು ಬರೆದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಹಣ ಕೊಟ್ಟು ಕೊಂಡಿತು. ಅದರ ಬಹುಭಾಗ ಕರ್ದೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯೊಬ್ಬರ ಬರಹದಿಂದ ಎತ್ತಿದ್ದೆಂದು ಮುಂದೆ ವಿದ್ವಾಂಸರು ತೋರಿಸಿಕೊಟ್ಟರೆನ್ನಿ. ಆದರೂ ದೇವಿ ಹಾಕಿಸಿದ ಪುಣ್ಯವನ್ನು ಅವರಿಂದ ಯಾರೂ ಕಸಿಯಲಾರರು.

1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂತು. ದಂಡಿನ ಬೆನ್ನಿಗೆ ತಮಿಳು ನಾಡಿನ ದುಡಿಯುವ ಜನರೂ ಬಂದರು. ಸೆಂಜಿಯ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕ್ರೈಸ್ತ ಕುಟುಂಬಗಳಿಗೆ ಈ ಗುಡಿಸಲೇ ಗುಡಿಯಾಯಿತು. ಪುದುಚೇರಿಯಿಂದ ಬಂದ ಆಂಡ್ರಿಯಾಸ್ ಎಂಬ ತಮಿಳು ಗುರುಗಳು ಅದನ್ನು ಶಿಲುಬೆಯ ಆಕಾರಕ್ಕೆ ಬೆಳೆಸಿದರು. ಜನ ಅದನ್ನು ಕರೆದದ್ದು 'ಕಾಣಿಕೆ ಮಾತೆ'ಯ ದೇವಾಲಯವೆಂದು. ಕಾಣಿಕೆ ಎಂಬ ಮಾತು ತಮಿಳರಿಗೂ ನಮಗೂ ಒಂದೇ ಆದುದರಿಂದ, ಇದಕ್ಕೆ ಅನುವಾದದ ಅಗತ್ಯವೇ ಬಿದ್ದಿರಲಾರದು.

ಇಂದು ನಾವು ತಲೆಯೆತ್ತಿ ನೋಡುವ ಗಾಥಿಕ್ ಶೈಲಿಯ ಕಟ್ಟಡವನ್ನು 1875ರಿಂದ 1882ರ ನಡುವೆ ಕಟ್ಟಿಸಿದವರು ಕ್ಲೈನರ್ ಎಂಬ ಫ್ರೆಂಚ್ ಮಿಷನ್ನಿನ ಗುರುಗಳು. 1882ರ ಸೆಪ್ಟೆಂಬರ್ 8ರಂದು, ಏಸುವಿನ ತಾಯಿ ಮರಿಯಮ್ಮನವರ ಜನ್ಮೋತ್ಸವದ ದಿನವೇ, ಧರ್ಮಾಧ್ಯಕ್ಷರಾದ ಕೊಯಾದೂ ಅವರು ಅದನ್ನು ಪ್ರತಿಷ್ಠಾಪಿಸಿದರು. ಕಮಾನುಗಳು, ಕಂಬಗಳ ಸಾಲು, ಬಣ್ಣದ ಗಾಜಿನ ಕಿಟಕಿಗಳು ಎಲ್ಲವೂ ಯುರೋಪಿನ ಮಾದರಿಯವು. ಒಳಗಿನ ಮಾತೆ ಮಾತ್ರ ಜರಿಯಂಚಿನ ಸೀರೆ ಉಟ್ಟು ನಿಂತಿದ್ದಾಳೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಕಿಟಕಿಗಳಿಂದ ಮರೆಯಾದ ಗಾಜುಗಳು ಮರಳಿದ್ದು 1947ರಲ್ಲಿ. ಬ್ರಿಟಿಷರ ಕೈಯಲ್ಲಿದ್ದ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದ್ದೂ ಅದೇ ವರ್ಷ. 1973ರಲ್ಲಿ ಪೋಪ್ ಆರನೆಯ ಪಾಲ್ ಅವರು ಇದಕ್ಕೆ ಆಯ್ದ ಚರ್ಚುಗಳಿಗಷ್ಟೇ ಸಲ್ಲುವ ಗೌರವವಾದ ಕಿರಿಯ ಬೆಸಿಲಿಕಾದ ಪದವಿಯನ್ನಿತ್ತರು. ಇದು ಕರ್ನಾಟಕದ ಏಕೈಕ ಬೆಸಿಲಿಕಾ ಎಂದು ಈಗಲೂ ಹಲವರು ಬರೆಯುತ್ತಾರೆ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ದೇವಾಲಯಕ್ಕೆ 2016ರಲ್ಲಿ ಆ ಪದವಿ ಸಿಕ್ಕಿರುವುದರಿಂದ, ಮೊದಲನೆಯದು ಎನ್ನುವುದೇ ಸರಿ.

ಮಾನ್ಯರೇ, ಗುಲಾಬಿ ಮಾರ್ಗದ ಶಿವಾಜಿನಗರ ಮೆಟ್ರೋ ನಿಲ್ದಾಣಕ್ಕೆ ಸೇಂಟ್ ಮೇರಿ ಹೆಸರಿಡುವ ಮಾತು 2025ರ ಸೆಪ್ಟೆಂಬರ್ ಉತ್ಸವದಲ್ಲಿ ಬಂದಂದಿನಿಂದ ಪರ-ವಿರೋಧದ ಚರ್ಚೆ ನಡೆದಿದೆ. ನಾನು ಆ ಚರ್ಚೆಗೆ ಇಳಿಯುವುದಿಲ್ಲ. ಈ ಜಾಗಕ್ಕೆ ಹೆಸರು ಬದಲಾಗುವುದು ಹೊಸತೂ ಅಲ್ಲ. ಶಿವಾಜಿನಗರವಾಗುವ ಮೊದಲು ಇದು ಬ್ಲ್ಯಾಕ್‌ಪಲ್ಲಿಯಾಗಿತ್ತು. ಅದು 'ಬಿಳಿ ಅಕ್ಕಿ ಪಳ್ಳಿ'ಯಿಂದ ಬಂತೆನ್ನುವವರೂ ಇದ್ದಾರೆ, ದಂಡಿನ ನಕ್ಷೆ ಹಾಕಿದ ಬ್ಲ್ಯಾಕಿಸ್ಟನ್ ಎಂಬ ಎಂಜಿನಿಯರನ ಹೆಸರಿನಿಂದ ಬಂತೆನ್ನುವವರೂ ಇದ್ದಾರೆ. ಅಕ್ಕಿಯ ಕಡೆಗೇ ನನ್ನ ಒಲವು, ಆದರೆ ಅದನ್ನು ಸಾಧಿಸಿ ತೋರಿಸಲಾರೆ.

ಹೆಸರು ಯಾವುದೇ ಇರಲಿ, ನಾನು ಕೇಳುತ್ತಿರುವುದು ಒಂದು ಗೋಡೆಯನ್ನು. ಆ ನಿಲ್ದಾಣದೊಳಗೆ, ಟಿಕೆಟ್ ಪಡೆಯುವ ಅಂತಸ್ತಿನಲ್ಲಿ, ಈ ಬಡಾವಣೆಯ ಚರಿತ್ರೆಯನ್ನು ಕನ್ನಡದಲ್ಲಿ ಮೊದಲು, ಜೊತೆಗೆ ತಮಿಳು, ಉರ್ದು ಮತ್ತು ಇಂಗ್ಲಿಷಿನಲ್ಲಿ ಕೆತ್ತಿಸಲು ಮೆಟ್ರೋ ನಿಗಮದೊಡನೆ ತಾವು ಮಾತನಾಡಬೇಕು. ಅದರಲ್ಲಿ ಬೆಸಿಲಿಕಾ ಇರಲಿ, ರಸೆಲ್ ಮಾರುಕಟ್ಟೆ ಇರಲಿ, ಬ್ಲ್ಯಾಕ್‌ಪಲ್ಲಿಯೆಂಬ ಹಳೆಯ ಹೆಸರೂ ಇರಲಿ. ಆಗಸ್ಟ್ 29ರಂದು ಧ್ವಜವೇರಿದಾಗಿನಿಂದ ಸೆಪ್ಟೆಂಬರ್ 8ರ ತೇರಿನವರೆಗೆ ಇಲ್ಲಿಗೆ ಬರುವವರು ಕ್ರೈಸ್ತರಷ್ಟೇ ಅಲ್ಲ. ಕೈಯಲ್ಲಿ ಮೇಣದ ತೊಟ್ಟಿಲು ಹಿಡಿದು ಸರದಿಯಲ್ಲಿ ನಿಂತವರಲ್ಲಿ ಕುಂಕುಮವಿಟ್ಟವರನ್ನೂ ಬುರ್ಖಾ ತೊಟ್ಟವರನ್ನೂ ನಾನು ಪ್ರತಿ ವರ್ಷ ನೋಡುತ್ತೇನೆ. ಅವರೆಲ್ಲರ ಕಣ್ಣಿಗೂ ಬೀಳುವ ಸಾರ್ವಜನಿಕ ಗೋಡೆಯೇ ಇದಕ್ಕೆ ತಕ್ಕದ್ದು, ದೇವಾಲಯದ ಆವರಣವಲ್ಲ.

ಕನ್ನಡ ಒಕ್ಕಣೆಯ ಕರಡನ್ನು ಒಂದೂವರೆ ಪುಟದಲ್ಲಿ ಬರೆದಿಟ್ಟಿದ್ದೇನೆ. ಚರಿತ್ರೆ ಬಲ್ಲವರು ಮತ್ತು ಬೆಸಿಲಿಕಾದ ಗುರುಗಳು ಅದನ್ನು ತಿದ್ದಲಿ. ತಾವು ಒಂದು ದಿನ ಗೊತ್ತು ಮಾಡಿದರೆ ಕಚೇರಿಗೆ ತಂದು ಒಪ್ಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಮ್ಮ ಕ್ಷೇತ್ರದ ಮತದಾರ, ನಿವೃತ್ತ ಕನ್ನಡ ಅಧ್ಯಾಪಕ
ಬೆಂಗಳೂರು