ಪಹಲ್ಗಾಮ್ ಪ್ರವಾಸ: ಹೊರಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಜನವರಿ 9ಕ್ಕೆ ಹೊರಡುತ್ತಿರುವ 14 ಜನರಿಗೆ ಈ ಸೂಚನೆ. ನಾವು ಹೋಗುವುದು ಚಿಲ್ಲೈ ಕಲಾನ್‌ನಲ್ಲಿ. ಡಿಸೆಂಬರ್ 21ರಿಂದ ಶುರುವಾಗುವ ಈ 40 ದಿನ ಕಾಶ್ಮೀರದ ಅತಿ ಕಟುವಾದ ಚಳಿಗಾಲ.

ಮೊದಲು ಸಿಮ್. ನಮ್ಮ ಕಡೆಯ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಬದಲಾಯಿಸುವವರು ಈ ವಾರವೇ ಮಾಡಿಸಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಚಳಿಗೆ ಫೋನಿನ ಚಾರ್ಜ್ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿ ಇಟ್ಟುಕೊಳ್ಳಿ.

ಶ್ರೀನಗರದಿಂದ ಬೆಳಿಗ್ಗೆ 8ಕ್ಕೆ ಹೊರಟು ದಾರಿಯಲ್ಲೇ ಅವಂತಿಪುರದ ಅವಂತಿಸ್ವಾಮಿ ದೇಗುಲ (9ನೇ ಶತಮಾನ), ಆಮೇಲೆ ಮಟ್ಟನ್ ಊರಿನ ಮೇಲಿನ ಬಯಲಿನಲ್ಲಿರುವ ಮಾರ್ತಾಂಡ ಸೂರ್ಯ ದೇಗುಲ. ಕಾಶ್ಮೀರದ ರಾಜ ಲಲಿತಾದಿತ್ಯ 8ನೇ ಶತಮಾನದಲ್ಲಿ ಕಟ್ಟಿಸಿದ್ದು. ಪಾಳುಬಿದ್ದಿದ್ದರೂ ಸುತ್ತಲಿನ ಕಂಬಸಾಲು ನೋಡಲೇಬೇಕು, ಅಲ್ಲಿಗೆ ಒಂದೂವರೆ ಗಂಟೆ ಇಟ್ಟಿದ್ದೇನೆ. ಕಲ್ಲಿನ ಮೆಟ್ಟಿಲ ಮೇಲಿನ ತೆಳು ಮಂಜುಗಡ್ಡೆ ಕಣ್ಣಿಗೆ ಕಾಣುವುದಿಲ್ಲ, ಹೆಚ್ಚು ಜನ ಜಾರುವುದು ಅಲ್ಲೇ. ನಯವಾದ ಅಡಿಯ ಸ್ಪೋರ್ಟ್ಸ್ ಶೂ ಬೇಡ. ಮಧ್ಯಾಹ್ನ 3ಕ್ಕೆ ಅಲ್ಲಿಂದ ಹೊರಡಲೇಬೇಕು. ಕತ್ತಲಾದ ಮೇಲೆ ರಸ್ತೆಯ ನೀರು ಹೆಪ್ಪುಗಟ್ಟುತ್ತದೆ.

ಕಾಲುಚೀಲ ಹತ್ತಿಯದು ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಉಣ್ಣೆಯದು 3 ಜೊತೆ ತನ್ನಿ. ಗಮ್‌ಬೂಟು, ದಪ್ಪ ಕೋಟು ಪಹಲ್ಗಾಮಿನಲ್ಲೇ ಬಾಡಿಗೆಗೆ ಸಿಗುತ್ತವೆ. ಹತ್ತಿರದ ಆರು ಕಣಿವೆ, ಚಂದನ್‌ವಾಡಿ ಕಡೆಗೆ ಸ್ಥಳೀಯ ಟ್ಯಾಕ್ಸಿ ಮಾತ್ರ ಬಿಡುತ್ತಾರೆ. ಹಿಮ ಜಾಸ್ತಿ ಇದ್ದರೆ ಅದೂ ಇಲ್ಲ.

ಇದನ್ನು ಮರೆಯಬೇಡಿ: ಕೋಣೆಯಲ್ಲಿ ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಉರಿಯುತ್ತಿದ್ದರೆ ಕಿಟಕಿ ಸ್ವಲ್ಪ ತೆರೆದಿರಲಿ, ಮಲಗುವ ಮುಂಚೆ ಆರಿಸಿ. ಅದರ ಹೊಗೆಯ ಇಂಗಾಲದ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಶೂ ಅಳತೆ, ಸಿಮ್ ಸ್ಥಿತಿ, ಉಬ್ಬಸ ಅಥವಾ ಹೃದಯದ ತೊಂದರೆ ಇದ್ದರೆ ಅದನ್ನೂ ಭಾನುವಾರ ರಾತ್ರಿಯೊಳಗೆ ನನಗೆ ವೈಯಕ್ತಿಕವಾಗಿ ತಿಳಿಸಿ.