ಸೂತ್ರದೊಳಗಿನ ಅಂಕಿ ಎಲ್ಲಿಂದ ಬಂತು?

ಮಾನ್ಯ ಸಂಪಾದಕರೇ,

ಚಿಪ್ ವಿನ್ಯಾಸದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬರುವ ಲೇಖನಗಳನ್ನು ನಮ್ಮ ವಿದ್ಯಾರ್ಥಿಗಳು ಆಸಕ್ತಿಯಿಂದ ಓದುತ್ತಾರೆ. ಪ್ರೊಸೆಸರ್ ತಯಾರಾಗುವ ಮೊದಲು ಅದರ ಮಾದರಿಯನ್ನು ಸಿಮ್ಯುಲೇಟರ್‌ನಲ್ಲಿ, ಅಂದರೆ ಯಂತ್ರದ ನಡವಳಿಕೆಯನ್ನು ಅನುಕರಿಸುವ ತಂತ್ರಾಂಶದಲ್ಲಿ, ಓಡಿಸಿ ನೋಡುತ್ತಾರೆ. ಅಲ್ಲಿನ ಅಂಕಿಅಂಶಗಳ ಸೂತ್ರಗಳಲ್ಲಿ ಸ್ಥಿರಾಂಕಗಳನ್ನು (ಕೈಯಾರೆ ಬರೆದಿಡುವ, ತಾನಾಗಿ ಬದಲಾಗದ ಅಂಕಿಗಳನ್ನು) ಬರೆಯುವ ರೀತಿಯ ಕುರಿತು, ಕಂಪ್ಯೂಟರ್ ಆರ್ಕಿಟೆಕ್ಚರ್ ಕಲಿಸುವವಳಾಗಿ ಕೆಲವು ಮಾತು ಹೇಳಬಯಸುತ್ತೇನೆ.

ಮಿಷಿಗನ್ ವಿಶ್ವವಿದ್ಯಾಲಯದ ಎಂ5 ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೆಮ್ಸ್ ಎಂಬ ಎರಡು ಸಿಮ್ಯುಲೇಟರ್‌ಗಳು ಸೇರಿ ರೂಪುಗೊಂಡ ಜೆಮ್‌5 ಎಂಬ ಮುಕ್ತ ಸಿಮ್ಯುಲೇಟರನ್ನು ನಮ್ಮ ಕಾಲೇಜಿನಲ್ಲಿ ಬಳಸುತ್ತೇವೆ. ಅದರಲ್ಲಿ ಸೈಕಲ್ (ಪ್ರೊಸೆಸರ್‌ನ ಕ್ಲಾಕಿನ ಒಂದು ಮಿಡಿತ), ಕ್ಯಾಶ್ ಮಿಸ್ (ಬೇಕಾದ ದತ್ತಾಂಶ ಪ್ರೊಸೆಸರ್ ಬಳಿಯ ಚಿಕ್ಕ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಸಿಗದಿರುವುದು) ಮುಂತಾದವನ್ನು ಎಣಿಸುವ ಎಣಿಕೆಗಳು ಒಂದು ಬಗೆಯಾದರೆ, ಆ ಎಣಿಕೆಗಳನ್ನು ಕೂಡಿಸಿ, ಭಾಗಿಸಿ ಫಲಿತಾಂಶ ಕೊಡುವ ಸೂತ್ರಗಳು ಇನ್ನೊಂದು ಬಗೆ. ಸೂತ್ರದ ಲೆಕ್ಕ ನಡೆಯುವುದು ಅಂಕಿಅಂಶಗಳನ್ನು ಕಡತಕ್ಕೆ ಬರೆಯುವ ಗಳಿಗೆಯಲ್ಲಿ. ಎಣಿಕೆಗಳ ಆ ಹೊತ್ತಿನ ಬೆಲೆ ಸೂತ್ರಕ್ಕೆ ಸಿಗುತ್ತದೆ, ಆದರೆ ನಾವು ಕೈಯಾರೆ ಬರೆದ ಅಂಕಿ ಬರೆದ ದಿನ ಇದ್ದಂತೆಯೇ ಉಳಿಯುತ್ತದೆ.

ಅಂತಿಮ ವರ್ಷದ ಒಂದು ತಂಡ ಸೈಕಲ್‌ಗಳ ಸಂಖ್ಯೆಯನ್ನು ನೂರು ಕೋಟಿಯಿಂದ ಭಾಗಿಸಿ, ಪ್ರೋಗ್ರಾಂ ಓಡಲು ಹಿಡಿದ ಸಮಯವನ್ನು ಸೆಕೆಂಡುಗಳಲ್ಲಿ ಪಡೆಯುವ ಸೂತ್ರ ಬರೆದಿತ್ತು. ಕ್ಲಾಕ್ 1 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ ನೂರು ಕೋಟಿ ಸೈಕಲ್ ಇದ್ದಾಗ ಅದು ಸರಿ. 8 ಕೋಟಿ ಸೈಕಲ್‌ಗೆ 0.08 ಸೆಕೆಂಡ್ ಬಂತು. ಕ್ಲಾಕನ್ನು 2 ಗಿಗಾಹರ್ಟ್ಸ್‌ಗೆ ಏರಿಸಿದಾಗ ಮೆಮೊರಿಗಾಗಿ ಕಾಯುವ ಸೈಕಲ್‌ಗಳು ಹೆಚ್ಚಿ ಒಟ್ಟು 10 ಕೋಟಿಯಾಯಿತು. ನಿಜವಾದ ಸಮಯ 0.05 ಸೆಕೆಂಡ್ ಆಗಬೇಕಿದ್ದಲ್ಲಿ ಸೂತ್ರ 0.10 ಎಂದಿತು. ಕ್ಲಾಕ್ ಏರಿಸಿದರೆ ಪ್ರೋಗ್ರಾಂ ನಿಧಾನವಾಗುತ್ತದೆ ಎಂದು ಮಕ್ಕಳು ವರದಿಯಲ್ಲಿ ಬರೆದು, ಮೆಮೊರಿಯ ತಡವೇ ಕಾರಣವೆಂದು ಚೆಂದದ ವಿವರಣೆಯನ್ನೂ ಕೊಟ್ಟಿದ್ದರು. ನಾನೂ ಅದನ್ನು ಒಪ್ಪಿಬಿಡುತ್ತಿದ್ದೆ. ಕಡತದ ಆರಂಭದಲ್ಲಿ ಸಿಮ್ಯುಲೇಟರ್ ತಾನೇ ಬರೆಯುವ ಸಮಯದ ಸಾಲಿಗೂ ತಮ್ಮ ಸಾಲಿಗೂ ತಾಳೆಯಾಗುತ್ತಿಲ್ಲ ಎಂದು ಅವರಲ್ಲೇ ಒಬ್ಬ ಹುಡುಗಿ ಗಮನಿಸಿದ್ದರಿಂದ ತಪ್ಪು ಸಿಕ್ಕಿತು.

ಸ್ಥಿರಾಂಕಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಶೇಕಡಾವಾರಿಗೆ 100, ಬೈಟನ್ನು ಮೆಗಾಬೈಟ್ ಮಾಡಲು 10 ಲಕ್ಷ, ಪ್ರೊಸೆಸರ್ ಸುಮ್ಮನಿದ್ದ ಪಾಲು ತಿಳಿಯಲು 1.0ರಿಂದ ಕೆಲಸದ ಪಾಲನ್ನು ಕಳೆಯುವುದು, ಇವು ಯಾವ ಯಂತ್ರಕ್ಕೂ ಬದಲಾಗುವುದಿಲ್ಲ. ಜೆಮ್‌5ರ ಮೂಲ ಕೋಡ್‌ನಲ್ಲಿಯೂ ಇಂಥವು ಇವೆ. ಕ್ಲಾಕ್‌ನ ವೇಗ, ಕ್ಯಾಶ್ ಸಾಲಿನ (ಕ್ಯಾಶ್‌ಗೆ ಒಮ್ಮೆಗೆ ತರುವ ದತ್ತಾಂಶದ ತುಂಡಿನ) ಗಾತ್ರ, ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳ ಸಂಖ್ಯೆ ಹಾಗಲ್ಲ. ಕ್ಯಾಶ್ ಸಾಲು 64 ಬೈಟ್ ಎಂಬುದು ನಮಗೆಲ್ಲ ಬಾಯಿಪಾಠವಾಗಿದ್ದರೂ ಐಬಿಎಂನ ಪವರ್ ಪ್ರೊಸೆಸರ್‌ಗಳಲ್ಲಿ ಅದು 128 ಬೈಟ್. ಇಂಥ ಅಂಕಿಗಳನ್ನು ಸಂರಚನೆಯ ಪ್ಯಾರಾಮೀಟರ್‌ನಿಂದಲೇ (ಮಾದರಿಗೆ ನಾವು ಕೊಡುವ ಬೆಲೆಯಿಂದಲೇ) ಸೂತ್ರಕ್ಕೆ ತರಬೇಕು.

ಇನ್ನೊಂದು ಸಣ್ಣ ಎಚ್ಚರ. ಸೂತ್ರದ ನಡುವೆ ಆವರಣದೊಳಗೆ 1ನ್ನು 2ರಿಂದ ಭಾಗಿಸಿ ಬರೆದರೆ, ಎರಡೂ ಪೂರ್ಣಾಂಕಗಳಾದ್ದರಿಂದ, ಸೂತ್ರಗಳನ್ನು ಬರೆಯುವ ಸಿ++ ಪ್ರೋಗ್ರಾಮಿಂಗ್ ಭಾಷೆ ಅದನ್ನು ಮೊದಲೇ ಸೊನ್ನೆ ಮಾಡಿ ಸೂತ್ರಕ್ಕೆ ಒಪ್ಪಿಸುತ್ತದೆ. ದಶಮಾಂಶ ಚುಕ್ಕಿಯೊಂದು ಬಿಟ್ಟುಹೋದದ್ದರಿಂದ ಇಡೀ ಕಾಲಂ ಸೊನ್ನೆಯಾದದ್ದನ್ನು ಕಂಡಿದ್ದೇನೆ. ಆದರೂ ಸೊನ್ನೆ ಕಣ್ಣಿಗೆ ಬೀಳುತ್ತದೆ, 0.10 ಬೀಳುವುದಿಲ್ಲ.

ಆದ್ದರಿಂದ ಪ್ರಾಜೆಕ್ಟ್ ಮಾರ್ಗದರ್ಶಕರಲ್ಲಿಯೂ ಪರೀಕ್ಷಕರಲ್ಲಿಯೂ ನನ್ನದೊಂದು ವಿನಂತಿ. ವರದಿಯಲ್ಲಿ ಗ್ರಾಫ್‌ಗಳ ಜೊತೆಗೆ ಅವುಗಳ ಹಿಂದಿನ ಸೂತ್ರಗಳನ್ನೂ, ಪ್ರತಿ ಸ್ಥಿರಾಂಕದ ಏಕಮಾನವನ್ನೂ, ಅದು ಎಲ್ಲಿಂದ ಬಂತೆಂಬುದನ್ನೂ ಬರೆಯುವಂತೆ ವಿದ್ಯಾರ್ಥಿಗಳಿಗೆ ತಿಳಿಸಿ, ಮೌಖಿಕ ಪರೀಕ್ಷೆಯಲ್ಲಿ ಅದನ್ನೇ ಮೊದಲು ಕೇಳಬೇಕು. ಇದಕ್ಕೆ ಒಂದು ಪುಟ ಸಾಕು.

ಇತಿ,
ಒಬ್ಬ ಅಧ್ಯಾಪಕಿ, ಹಾಸನ